ಹಬಶಾದ ಇಗರ್ಜಿ ಕಾಡುಗಳು

ಹಬಶಾ ಎಂಬ ಹೆಸರು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಮಕ್ಕಾದಲ್ಲಿ ಬದುಕುವುದೇ ದುಸ್ತರವಾದಾಗ, ಕ್ರಿ.ಶ. 615ರ ಸುಮಾರಿಗೆ, ಪ್ರವಾದಿ ಮುಹಮ್ಮದ್(ಸ)ರ ಅನುಯಾಯಿಗಳ ಒಂದು ಗುಂಪು ಕೆಂಪು ಸಮುದ್ರ ದಾಟಿ ಆಶ್ರಯ ಬೇಡಿದ್ದು ಆ ನಾಡಿನ ಕ್ರೈಸ್ತ ದೊರೆ ನಜ್ಜಾಶಿಯಲ್ಲಿ. ಹಝ್ರತ್ ಜಅ್‌ಫರ್(ರ) ಆ ದರ್ಬಾರಿನಲ್ಲಿ ಮರ್ಯಮ್ ಅಧ್ಯಾಯವನ್ನು ಓದಿದ್ದು, ದೊರೆಯ ಕಣ್ಣು ತುಂಬಿದ್ದು, ಮಕ್ಕಾದಿಂದ ಬಂದ ದೂತರು ಬರಿಗೈಯಲ್ಲಿ ಮರಳಿದ್ದು, ಇದನ್ನೆಲ್ಲ ಕೇಳುತ್ತಲೇ ನಾವು ಬೆಳೆದಿದ್ದೇವೆ. ಹಝ್ರತ್ ಬಿಲಾಲ್(ರ)ರ ಮೂಲವೂ ಅದೇ ನಾಡು. ಆದರೆ ನಮ್ಮ ತಿಳಿವಳಿಕೆ ಬಹುಮಟ್ಟಿಗೆ ಅಲ್ಲಿಗೇ ನಿಂತುಬಿಡುತ್ತದೆ. ಆಶ್ರಯ ಕೊಟ್ಟ ಆ ಜನರು ಮುಂದಿನ ಹದಿನಾಲ್ಕು ಶತಮಾನಗಳಲ್ಲಿ ಹೇಗೆ ಬದುಕಿದರು, ಏನನ್ನು ಉಳಿಸಿಕೊಂಡರು, ಏನನ್ನು ಕಳೆದುಕೊಂಡರು ಎಂದು ನಾವು ಕೇಳಿದ್ದು ಕಡಿಮೆ.

ಅವರು ಉಳಿಸಿಕೊಂಡದ್ದರಲ್ಲಿ ಒಂದು, ಕಾಡು. ಅಂದಿನ ಹಬಶಾದ ಬಹುಭಾಗ ಇಂದಿನ ಇಥಿಯೋಪಿಯಾದಲ್ಲಿದೆ. ಆ ದೇಶದ ಉತ್ತರದ ಎತ್ತರದ ಪ್ರದೇಶವನ್ನು ಆಕಾಶದಿಂದ ತೆಗೆದ ಚಿತ್ರಗಳಲ್ಲಿ ನೋಡಿದರೆ ಕಣ್ಣು ಹಾಯಿಸಿದಷ್ಟು ದೂರವೂ ಉತ್ತ ಹೊಲಗಳು, ಕಂದು ಬಣ್ಣದ ನೆಲ. ಅದರ ನಡುವೆ ಅಲ್ಲಲ್ಲಿ ದಟ್ಟ ಹಸಿರಿನ ಚುಕ್ಕೆಗಳು. ಪ್ರತಿಯೊಂದು ಚುಕ್ಕೆಯ ನಡುವೆ ಒಂದು ದುಂಡಗಿನ ಮಾಡು ಕಾಣುತ್ತದೆ. ಅದು ಇಗರ್ಜಿ. ಸುತ್ತಲಿನ ಹಸಿರು ಆ ಇಗರ್ಜಿಯ ಕಾಡು. ಸುತ್ತಮುತ್ತ ನೈಸರ್ಗಿಕ ಕಾಡೆಂದು ಹೇಳಬಹುದಾದದ್ದು ಬಹುತೇಕ ಅಷ್ಟೇ.

ಈ ಚುಕ್ಕೆಗಳು ಉಳಿದದ್ದು ಹೇಗೆ? ಅರಣ್ಯ ಇಲಾಖೆ ಇವನ್ನು ಕಾಯಲಿಲ್ಲ. ಪರಿಸರ ಎಂಬ ಪದ ಜನರ ಬಾಯಿಗೆ ಬರುವ ಎಷ್ಟೋ ಕಾಲ ಮೊದಲಿನಿಂದ ಊರಿನ ಭಕ್ತರು, ಪಾದ್ರಿಗಳು, ಸನ್ಯಾಸಿಗಳು ಇವನ್ನು ಕಾಯುತ್ತ ಬಂದಿದ್ದಾರೆ. ಅವರು ಕಾಯುತ್ತಿದ್ದುದು ಕಾಡನ್ನು ಎಂದು ಅವರಿಗೇ ಅನ್ನಿಸಿರಲಿಲ್ಲ ಎಂಬುದು ಈ ಇತಿಹಾಸದ ಸ್ವಾರಸ್ಯ. ಅದೇ ಅದರ ಅಪಾಯವೂ ಹೌದು.

ಮರದ ಉಡುಗೆ ತೊಟ್ಟ ಇಗರ್ಜಿ

ಇಥಿಯೋಪಿಯಾದ ಕ್ರೈಸ್ತ ಸಭೆ ಜಗತ್ತಿನ ಹಳೆಯ ಸಭೆಗಳಲ್ಲೊಂದು. ಅಕ್ಸುಮ್ ಸಾಮ್ರಾಜ್ಯದ ದೊರೆ ಎಝಾನಾ ಕ್ರಿ.ಶ. 4ನೇ ಶತಮಾನದಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ. ಫ್ರುಮೆಂಟಿಯಸ್ ಎಂಬವರನ್ನು ಅಲೆಕ್ಸಾಂಡ್ರಿಯಾದ ಅಥನಾಸಿಯಸ್ ಅಲ್ಲಿನ ಮೊದಲ ಬಿಷಪ್ ಆಗಿ ನೇಮಿಸಿದರು. ಅಲ್ಲಿಂದ ಮುಂದೆ 1959ರಲ್ಲಿ ತನ್ನದೇ ಸ್ವತಂತ್ರ ಧರ್ಮಪೀಠ ಪಡೆಯುವವರೆಗೂ ಈ ಸಭೆ ಈಜಿಪ್ಟಿನ ಕಾಪ್ಟಿಕ್ ಸಭೆಯ ಅಧೀನದಲ್ಲೇ ಇತ್ತು. ಇದರ ಪೂರ್ಣ ಹೆಸರು ಇಥಿಯೋಪಿಯನ್ ಆರ್ಥೊಡಾಕ್ಸ್ ತೆವಾಹಿದೊ ಸಭೆ. 2007ರ ಜನಗಣತಿಯಂತೆ ದೇಶದ ಶೇ. 43.5 ಜನರು ಈ ಸಭೆಗೆ ಸೇರಿದವರು, ಶೇ. 33.9 ಜನರು ಮುಸ್ಲಿಮರು.

ಇಲ್ಲಿನ ಹಳ್ಳಿಯ ಇಗರ್ಜಿ ನಾವು ಮಂಗಳೂರಿನಲ್ಲೋ ಗೋವಾದಲ್ಲೋ ಕಂಡ ಇಗರ್ಜಿಯಂತಲ್ಲ. ಹೆಚ್ಚಿನವು ದುಂಡಾಗಿವೆ. ಒಳಗೆ ಒಂದರೊಳಗೊಂದು ಮೂರು ಸುತ್ತುಗಳು. ಹೊರಸುತ್ತಿನಲ್ಲಿ ಗಾಯಕರು ನಿಂತು ಸ್ತುತಿ ಹಾಡುತ್ತಾರೆ. ನಡುವಿನ ಸುತ್ತಿನಲ್ಲಿ ಭಕ್ತರು ಪ್ರಸಾದ ಪಡೆಯುತ್ತಾರೆ. ಮಕ್‌ದಸ್ ಎಂದು ಕರೆಯುವ ಒಳಗಿನ ಗರ್ಭಗುಡಿಗೆ ಪಾದ್ರಿಗಳಿಗಷ್ಟೇ ಪ್ರವೇಶ. ಹೆಸರು ಕೇಳಿದರೆ ನಮಗೆ ಬೈತುಲ್ ಮುಕದ್ದಸ್ ನೆನಪಾಗುವುದು ಸಹಜ. ಎರಡೂ ಸೆಮಿಟಿಕ್ ಭಾಷೆಗಳ ಒಂದೇ ಬೇರಿನಿಂದ ಬಂದ ಪದಗಳು. ಅಲ್ಲಿ ತಾಬೊತ್ ಇರುತ್ತದೆ. ಪ್ರವಾದಿ ಮೂಸಾ(ಅ)ರಿಗೆ ಲಭಿಸಿದ ಆಜ್ಞೆಗಳ ಪೆಟ್ಟಿಗೆಯ ಪ್ರತೀಕವಾದ ಪವಿತ್ರ ಹಲಗೆ ಅದು. ತಾಬೊತ್ ಇಲ್ಲದ ಕಟ್ಟಡ ಬರೀ ಕಟ್ಟಡ, ಇಗರ್ಜಿಯಲ್ಲ.

ಈ ಸುತ್ತುಗಳ ಲೆಕ್ಕ ಕಟ್ಟಡದ ಗೋಡೆಗೆ ಮುಗಿಯುವುದಿಲ್ಲ. ಹೊರಗೆ ಅಂಗಳ, ಅಂಗಳದಾಚೆ ಮರಗಳು, ಮರಗಳಾಚೆ ಎಷ್ಟೋ ಕಡೆ ಒಂದು ಕಲ್ಲಿನ ಗೋಡೆ. ಗರ್ಭಗುಡಿಯ ಪಾವಿತ್ರ್ಯ ನೀರಿನ ಅಲೆಯಂತೆ ಸುತ್ತು ಸುತ್ತಾಗಿ ಹೊರಗೆ ಹಬ್ಬುತ್ತದೆ ಎಂಬುದು ಅವರ ಭಾವನೆ. ಮರಗಳು ಇಗರ್ಜಿಯ ಉಡುಪು ಎಂದು ಅಲ್ಲಿನ ಪಾದ್ರಿಗಳು ಹೇಳುತ್ತಾರೆ. ಮರಗಳಿಲ್ಲದ ಇಗರ್ಜಿ ಬಟ್ಟೆಯಿಲ್ಲದೆ ಬೀದಿಯಲ್ಲಿ ನಿಂತ ಮನುಷ್ಯನಂತೆ, ಅದು ಊರಿಗೇ ನಾಚಿಕೆ. ಏದನ್ ತೋಟದ ನೆರಳು ಭೂಮಿಯ ಮೇಲೆ ಬಿದ್ದಿದ್ದರೆ ಅದು ಇಲ್ಲಿಯೇ ಎಂಬ ನಂಬಿಕೆಯೂ ಇದೆ.

ನಮ್ಮ ನಾಡಿನ ದೇವರಕಾಡುಗಳನ್ನು ಬಲ್ಲವರಿಗೆ ಇದು ಪರಿಚಿತ ಅನ್ನಿಸಬಹುದು. ಆದರೆ ಒಂದು ವ್ಯತ್ಯಾಸವಿದೆ. ದೇವರಕಾಡಿನಲ್ಲಿ ಕಾಡೇ ದೈವದ ನೆಲೆ. ಹಬಶಾದ ಕ್ರೈಸ್ತರು ಮರವನ್ನು ಪೂಜಿಸುವುದಿಲ್ಲ. ಅವರ ಪೂಜೆ ಒಳಗಿನ ದೇವರಿಗೆ. ಮರ ಆ ಮನೆಗೆ ಸೇರಿದ ಸೊತ್ತು, ಆದ್ದರಿಂದ ಅದಕ್ಕೂ ಗೌರವ. ಏಕದೇವವಿಶ್ವಾಸದ ಚೌಕಟ್ಟಿನೊಳಗೆ ನಿಂತುಕೊಂಡೇ ಒಂದು ಸಮುದಾಯ ಕಾಡನ್ನು ಕಾಯಬಹುದು ಎಂಬುದಕ್ಕೆ ಇದು ದೊಡ್ಡ ನಿದರ್ಶನ.

ನೆರಳಿನಲ್ಲಿ ನಡೆಯುವ ಬದುಕು

ಬರೀ ಭಾವನೆಯಿಂದ ಕಾಡು ಉಳಿಯುವುದಿಲ್ಲ. ದಿನನಿತ್ಯದ ಬದುಕಿನಲ್ಲಿ ಅದಕ್ಕೊಂದು ಸ್ಥಾನವಿರಬೇಕು. ಈ ಕಾಡುಗಳಿಗೆ ಅಂಥ ಸ್ಥಾನ ಒಂದಲ್ಲ, ಹತ್ತಾರು.

ಊರಿನ ಹಿರಿಯರನ್ನು ಮಣ್ಣು ಮಾಡುವುದು ಈ ಮರಗಳ ಅಡಿಯಲ್ಲಿ. ಲೋಕವನ್ನು ತೊರೆದ ಸನ್ಯಾಸಿಗಳು ಗುಡಿಸಲು ಕಟ್ಟಿ ಏಕಾಂತ ಹುಡುಕುವುದು ಈ ಮರಗಳ ನಡುವೆ. ದೂರದ ಊರುಗಳಿಂದ ಬಂದು ಗೀಝ್ ಭಾಷೆಯ ಪ್ರಾರ್ಥನೆಗಳನ್ನೂ ಸ್ತುತಿಗೀತೆಗಳನ್ನೂ ಬಾಯಿಪಾಠ ಮಾಡುವ ಹುಡುಗರು ತಂಗುವುದು ಇಗರ್ಜಿಯ ಆವರಣದ ಪುಟ್ಟ ಗುಡಿಸಲುಗಳಲ್ಲಿ. ನಮ್ಮ ಹಳೆಯ ಪಳ್ಳಿ ದರ್ಸುಗಳ ವಿದ್ಯಾರ್ಥಿಗಳಂತೆ ಅವರೂ ಊರವರು ಕೊಡುವ ಅನ್ನದಲ್ಲೇ ಓದುವವರು. ಪ್ರಾರ್ಥನೆ ಮುಗಿದ ಬಳಿಕ ಸೆನ್‌ಬೆತೆ ಎಂಬ ಭಕ್ತಕೂಟದ ಸಹಭೋಜನ ನಡೆಯುತ್ತದೆ. ಜಗಳಗಳ ಪಂಚಾಯಿತಿ ಕೂರುವುದಕ್ಕೂ ಇಲ್ಲಿ ನೆರಳಿದೆ. ಆವರಣದಲ್ಲಿ ಚಿಲುಮೆಯಿದ್ದರೆ ಅದರ ನೀರು ತೀರ್ಥ. ಕಾಯಿಲೆ ಗುಣವಾಗಲೆಂದು ದೂರದಿಂದ ಜನ ಬರುತ್ತಾರೆ.

ಮರಗಳಿಂದ ಉಪಯೋಗವೂ ಇದೆ. ತಿದ್ ಎಂದು ಕರೆಯುವ ಆಫ್ರಿಕದ ಜುನಿಪರ್ ಮರ ಇಗರ್ಜಿಯ ಕಂಬ, ತೊಲೆಗಳಿಗೆ ಬರುತ್ತದೆ. ವೆಯ್ರಾ ಎಂಬ ಕಾಡು ಆಲಿವ್ ಗಟ್ಟಿಮುಟ್ಟಾದ ಮರ. ಅದರ ಹೊಗೆಯಲ್ಲಿ ಮನೆಯ ಪಾತ್ರೆಗಳಿಗೆ ಪರಿಮಳ ಕೊಡುತ್ತಾರೆ. ಕೊಸೊ ಎಂಬ ಮರದ ಹೂವು ಹೊಟ್ಟೆಯ ಲಾಡಿಹುಳಕ್ಕೆ ತಲೆತಲಾಂತರದ ಮದ್ದು. ವಾನ್ಝಾ, ಜಿಗ್ಬಾ, ಬಿಸಾನಾ ಹೀಗೆ ಪಟ್ಟಿ ಬೆಳೆಯುತ್ತದೆ. ಆದರೆ ಈ ಉಪಯೋಗಕ್ಕೆ ಮಿತಿಯಿದೆ. ಇಗರ್ಜಿಯ ಕೆಲಸಕ್ಕೆ ಇಗರ್ಜಿಯ ಅನುಮತಿಯಿಂದ ಮರ ಕಡಿಯಬಹುದು. ಮನೆಯ ಒಲೆಗೆಂದು ಕೊಡಲಿ ಎತ್ತಿದರೆ ಪಾದ್ರಿಯ ಛೀಮಾರಿ, ಪ್ರಾಯಶ್ಚಿತ್ತ, ಕೊನೆಗೆ ಸಭೆಯಿಂದ ಬಹಿಷ್ಕಾರದ ಭಯವೂ ಇತ್ತು. ಮಣ್ಣು ಕೊಡುವುದಕ್ಕೂ ಪಾದ್ರಿ ಬಾರದ ಸ್ಥಿತಿಯನ್ನು ಒಂದು ಹೊರೆ ಸೌದೆಗಾಗಿ ಯಾರು ತಾನೆ ತಂದುಕೊಂಡಾರು?

ಗೊಂಡರ್ ನಗರದ ದೆಬ್ರೆ ಬೆರ್ಹಾನ್ ಸೆಲಾಸಿ ಇಗರ್ಜಿಯ ಕಥೆಯನ್ನು ಇಲ್ಲಿ ನೆನೆಯಬೇಕು. 17ನೇ ಶತಮಾನದ ಕೊನೆಯಲ್ಲಿ ದೊರೆ ಇಯಾಸು ಕಟ್ಟಿಸಿದ ಈ ಇಗರ್ಜಿಯ ಸುತ್ತ ಕಲ್ಲಿನ ಗೋಡೆಯಿದೆ, ಒಳಗೆ ಹಳೆಯ ಜುನಿಪರ್ ಮರಗಳಿವೆ. 1888ರಲ್ಲಿ ಸುಡಾನಿನ ಮಹ್ದಿ ಪಂಥದ ಸೈನ್ಯ ಗೊಂಡರಿಗೆ ನುಗ್ಗಿ ಅಲ್ಲಿನ ಬಹುತೇಕ ಇಗರ್ಜಿಗಳನ್ನು ಸುಟ್ಟುಹಾಕಿತು. ನಜ್ಜಾಶಿಯ ಋಣವನ್ನು ನೆನೆಯುವ ನಾವು ಈ ಅಧ್ಯಾಯವನ್ನೂ ಮರೆಮಾಚುವಂತಿಲ್ಲ. ಸೆಲಾಸಿ ಇಗರ್ಜಿ ಮಾತ್ರ ಸುಡದೆ ಉಳಿಯಿತು. ಆವರಣದಿಂದ ಜೇನ್ನೊಣಗಳು ಹಿಂಡಾಗಿ ಎದ್ದು ಸೈನಿಕರನ್ನು ಓಡಿಸಿದವು ಎಂದು ಊರವರು ಹೇಳುತ್ತಾರೆ. ಇದು ನಡೆದದ್ದೇ ಎಂಬ ಚರ್ಚೆ ಬೇರೆ. ಇಗರ್ಜಿಯನ್ನು ಕಾಪಾಡಿದ ಕೀರ್ತಿಯನ್ನು ಜನರು ಆವರಣದ ಜೀವಿಗಳಿಗೆ ಕೊಟ್ಟರು ಎಂಬುದು ಗಮನಿಸತಕ್ಕ ವಿಷಯ.

ತಾನಾ ಸರೋವರದ ಝೆಗೆ ಪರ್ಯಾಯದ್ವೀಪದಲ್ಲಿ ಇನ್ನೊಂದು ಬಗೆಯ ವ್ಯವಸ್ಥೆ ಬೆಳೆಯಿತು. ಅಲ್ಲಿ ಮಠ ಸ್ಥಾಪಿಸಿದ ಸಂತ ಬೆತ್ರೆ ಮರ್ಯಮ್ ನೆಲವನ್ನು ಉಳಬಾರದು, ದನ ಸಾಕಬಾರದು ಎಂದು ಕಟ್ಟಳೆ ವಿಧಿಸಿದರೆಂಬ ಐತಿಹ್ಯವಿದೆ. ಹೊಟ್ಟೆಪಾಡಿಗೆ ಜನರು ನೆಚ್ಚಿಕೊಂಡದ್ದು ಕಾಡಿನ ನೆರಳಿನಲ್ಲಿ ಬೆಳೆಯುವ ಕಾಫಿಯನ್ನು. ಕೊಡಗು, ಚಿಕ್ಕಮಗಳೂರಿನ ನೆರಳಿನ ಕಾಫಿ ತೋಟಗಳನ್ನು ಕಂಡವರಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ. ಕಾಫಿಗೆ ನೆರಳು ಬೇಕು, ನೆರಳಿಗೆ ಮರ ಬೇಕು. ನಂಬಿಕೆಯೂ ಹೊಟ್ಟೆಪಾಡೂ ಒಂದೇ ದಿಕ್ಕಿಗೆ ಎಳೆದಾಗ ಕಾಡು ಉಳಿಯುತ್ತದೆ.

ಸುತ್ತಲೂ ಬಯಲಾದ ನೆಲ

ಹಾಗಾದರೆ ಇಗರ್ಜಿಯ ಆಚೆಗಿನ ಕಾಡು ಎಲ್ಲಿ ಹೋಯಿತು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಥಿಯೋಪಿಯಾದ ಶೇ. 40ರಷ್ಟು ನೆಲ ಕಾಡಾಗಿತ್ತು, ಕೆಲವೇ ದಶಕಗಳಲ್ಲಿ ಅದು ಶೇ. 4ಕ್ಕೂ ಕೆಳಗಿಳಿಯಿತು ಎಂಬ ಮಾತು ವರದಿಯಿಂದ ವರದಿಗೆ ನಕಲಾಗುತ್ತ ಬಂದಿದೆ. ಅಮೆರಿಕದ ಇತಿಹಾಸಕಾರ ಜೇಮ್ಸ್ ಮೆಕ್ಯಾನ್ 1990ರ ದಶಕದಲ್ಲಿ ಈ ಲೆಕ್ಕವನ್ನು ಪ್ರಶ್ನಿಸಿದರು. ಆ ಶೇ. 40ಕ್ಕೆ ಗಟ್ಟಿ ಆಧಾರವಿಲ್ಲ, ಉತ್ತರದ ಎತ್ತರದ ಭೂಮಿ ಅದಕ್ಕಿಂತ ಬಹಳ ಹಿಂದೆಯೇ ನೇಗಿಲಿಗೆ ಒಳಪಟ್ಟಿತ್ತು ಎಂಬುದು ಅವರ ವಾದ.

ಈ ವಾದಕ್ಕೆ ಬಲ ಕೊಡುವ ಸಾಕ್ಷ್ಯವೊಂದು ಅನಿರೀಕ್ಷಿತ ಕಡೆಯಿಂದ ಬಂತು. 1935ರಲ್ಲಿ ಮುಸೊಲಿನಿಯ ಇಟಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿ 1941ರವರೆಗೆ ಅದನ್ನು ಆಕ್ರಮಿಸಿಕೊಂಡಿತ್ತು. ಆಗ ಇಟಲಿಯವರು ನಕ್ಷೆಗಾಗಿ ವಿಮಾನದಿಂದ ಚಿತ್ರಗಳನ್ನು ತೆಗೆದಿದ್ದರು. 1938ರ ಆ ಚಿತ್ರಗಳನ್ನು ಸಂಶೋಧಕರು ಇತ್ತೀಚಿನ ಉಪಗ್ರಹ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರು. ಇಗರ್ಜಿ ಕಾಡುಗಳು ಅಂದಿಗೇ ಬಿಡಿಬಿಡಿ ತುಣುಕುಗಳಾಗಿದ್ದವು, ಬಹಳಷ್ಟು ಅದೇ ಜಾಗದಲ್ಲಿ ಇಂದೂ ನಿಂತಿವೆ. ಆದರೆ ಅಂದು ಅವುಗಳ ಸುತ್ತ ಇದ್ದ ಪೊದೆಗಾಡು ಇಂದಿಲ್ಲ. ಅದು ಹೊಲವಾಗಿದೆ, ಹುಲ್ಲುಗಾವಲಾಗಿದೆ. ಅಂದು ಕಾಡಿಗೂ ಹೊಲಕ್ಕೂ ನಡುವೆ ಒಂದು ಮೆತ್ತೆಯಿತ್ತು, ಇಂದು ನೇಗಿಲ ಸಾಲು ಮರದ ಬುಡಕ್ಕೇ ತಾಗುತ್ತದೆ.

ಜನಸಂಖ್ಯೆ ಬೆಳೆಯಿತು, ಇಂಜೆರಾ ರೊಟ್ಟಿಗೆ ಬೇಕಾದ ಟೆಫ್ ಎಂಬ ಸಣ್ಣ ಧಾನ್ಯ ಬೆಳೆಯಲು ನೆಲ ಬೇಕಾಯಿತು, ಒಲೆಗೆ ಸೌದೆ ಬೇಕಾಯಿತು. 1886ರಲ್ಲಿ ಸ್ಥಾಪನೆಯಾದ ಅಡಿಸ್ ಅಬಾಬಾದಲ್ಲಿ ಕೆಲವೇ ವರ್ಷಗಳಲ್ಲಿ ಸೌದೆಗೆ ಎಷ್ಟು ಬರ ಬಂತೆಂದರೆ, ಚಕ್ರವರ್ತಿ ಎರಡನೆಯ ಮೆನೆಲಿಕ್‌ನ ಕಾಲದಲ್ಲಿ, 1890ರ ದಶಕದಲ್ಲಿ, ಆಸ್ಟ್ರೇಲಿಯಾ ಮೂಲದ ನೀಲಗಿರಿ ಮರವನ್ನು ತಂದು ನೆಡಬೇಕಾಯಿತು. ಬೇಗ ಬೆಳೆಯುವ, ಕಡಿದಷ್ಟೂ ಚಿಗುರುವ ಈ ಮರ ರಾಜಧಾನಿಯನ್ನು ಉಳಿಸಿತು ಎನ್ನುವವರಿದ್ದಾರೆ. ಅದೇ ನೀಲಗಿರಿ ಮುಂದೆ ಇಗರ್ಜಿಯ ಬಾಗಿಲಿಗೂ ಬಂತು.

ಭೂಮಿ ಹೋಯಿತು, ಕಾಡು ಉಳಿಯಿತು

ಚಕ್ರವರ್ತಿಗಳ ಕಾಲದಲ್ಲಿ ಇಗರ್ಜಿ ಬಡಸಂಸ್ಥೆಯಾಗಿರಲಿಲ್ಲ. ದೊಡ್ಡ ದೊಡ್ಡ ಭೂಮಿಗಳ ಮೇಲೆ ಅದಕ್ಕೆ ಹಕ್ಕಿತ್ತು. ರೈತರು ಬೆಳೆಯ ಪಾಲನ್ನು ಪಾದ್ರಿಗಳಿಗೂ ಮಠಗಳಿಗೂ ಅಳೆಯಬೇಕಿತ್ತು. ಆ ವ್ಯವಸ್ಥೆಯಲ್ಲಿ ರೈತನಿಗೆ ನ್ಯಾಯವಿತ್ತೆಂದು ಯಾರೂ ಹೇಳಲಾರರು. 1974ರಲ್ಲಿ ಹೈಲೆ ಸೆಲಾಸಿ ಪದಚ್ಯುತನಾದ. ದೆರ್ಗ್ ಎಂಬ ಸೈನಿಕ ಮಂಡಳಿ ಅಧಿಕಾರ ಹಿಡಿಯಿತು. 1975ರ ಮಾರ್ಚ್‌ನಲ್ಲಿ ಹಳ್ಳಿಗಳ ಭೂಮಿಯನ್ನೆಲ್ಲ ರಾಷ್ಟ್ರೀಕರಣ ಮಾಡಲಾಯಿತು. ಇಗರ್ಜಿ ತನ್ನ ಹೊಲಗಳನ್ನು ಕಳೆದುಕೊಂಡಿತು. ಪೇಟ್ರಿಯಾರ್ಕ್ ತೆವೊಫ್ಲೋಸ್‌ರನ್ನು 1976ರಲ್ಲಿ ಸ್ಥಾನದಿಂದ ಇಳಿಸಿದ ಆಡಳಿತ 1979ರಲ್ಲಿ ಅವರನ್ನು ಕೊಂದುಹಾಕಿತು.

ಇಷ್ಟಾದರೂ ಇಗರ್ಜಿಯನ್ನು ಸುತ್ತುವರಿದ ಮರಗಳಿಗೆ ಊರ ಜನರು ಕೊಡಲಿ ಹಾಕಲಿಲ್ಲ ಎಂಬುದನ್ನು ಗಮನಿಸಬೇಕು. ಭೂಮಾಲಿಕನಾಗಿದ್ದ ಇಗರ್ಜಿಯ ಮೇಲೆ ರೈತನಿಗೆ ಸಿಟ್ಟಿರಬಹುದು. ತನ್ನ ಅಪ್ಪ, ಅಜ್ಜಿ ಮಲಗಿರುವ ನೆರಳಿನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ರಾಜಾಶ್ರಯ ಹೋಯಿತು, ಭೂಮಿಯ ಆದಾಯ ಹೋಯಿತು, ಸರಕಾರ ಎದುರಾಯಿತು. ಆಗಲೂ ಕಾಡು ಉಳಿದದ್ದು ಅದರ ನಿಜವಾದ ಒಡೆಯರು ಯಾರು ಎಂಬುದನ್ನು ತೋರಿಸುತ್ತದೆ. ಕಾಡು ಇದ್ದದ್ದು ಧರ್ಮಪೀಠದ ಕೈಯಲ್ಲಲ್ಲ, ಊರಿನ ಸಭೆಯ ಕೈಯಲ್ಲಿ.

ಆದರೆ ಭೂಮಿ ಹೋದದ್ದರ ಪರಿಣಾಮ ನಿಧಾನವಾಗಿ ಬೇರೆ ದಾರಿಯಿಂದ ಕಾಡಿಗೆ ತಟ್ಟಿತು. ಖರ್ಚಿಗೆ ಹಣ ಬೇಕಾದ ಇಗರ್ಜಿಗಳು ಆವರಣದ ಅಂಚಿನಲ್ಲೂ ಕೆಲವೊಮ್ಮೆ ಒಳಗೂ ನೀಲಗಿರಿ ನೆಟ್ಟವು. ಬೆಳೆದ ಮರ ಮಾರಿದರೆ ದುಡ್ಡು. ಹೊರಗಿನಿಂದ ನೋಡಿದರೆ ಹಸಿರು ಹಾಗೆಯೇ ಇದೆ. ಆದರೆ ಜುನಿಪರ್, ಕಾಡು ಆಲಿವ್‌ಗಳ ಜಾಗದಲ್ಲಿ ನೀಲಗಿರಿ ನಿಂತರೆ ಅದನ್ನು ಕಾಡು ಎನ್ನಬಹುದೇ?

ಮರಗಳಿದ್ದವು, ಸಸಿಗಳಿರಲಿಲ್ಲ

ಅಲೆಮಾಯೆಹು ವಾಸ್ಸೆ ಎಶೆತೆ ಇಥಿಯೋಪಿಯಾದ ಅರಣ್ಯ ವಿಜ್ಞಾನಿ. ದಕ್ಷಿಣ ಗೊಂಡರ್ ವಲಯದ 28 ಇಗರ್ಜಿ ಕಾಡುಗಳನ್ನು ಅವರು ಅಭ್ಯಾಸ ಮಾಡಿದರು. 2007ರಲ್ಲಿ ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾನಿಲಯದಿಂದ ಇದೇ ವಿಷಯದಲ್ಲಿ ಡಾಕ್ಟರೇಟ್ ಪಡೆದರು. ಆ 28 ಕಾಡುಗಳಲ್ಲಿ ಅತಿ ಸಣ್ಣದು ಎರಡು ಹೆಕ್ಟೇರಿಗೂ ಕಡಿಮೆ, ಅತಿ ದೊಡ್ಡದು ನೂರು ಹೆಕ್ಟೇರ್. ಅಷ್ಟರಲ್ಲೇ ಮರ, ಪೊದೆ, ಬಳ್ಳಿ ಸೇರಿ 168 ಜಾತಿಗಳು ಸಿಕ್ಕವು. ಸುತ್ತಲಿನ ಬಯಲಿನಲ್ಲಿ ಇವುಗಳಲ್ಲಿ ಹೆಚ್ಚಿನವು ಕಾಣಸಿಗುವುದೇ ಇಲ್ಲ.

ಇದು ಸಂತೋಷದ ಸುದ್ದಿ. ಇದರ ಜೊತೆಗೆ ಇನ್ನೊಂದು ಸಂಗತಿಯೂ ಹೊರಬಂತು. ಎಷ್ಟೋ ಕಾಡುಗಳಲ್ಲಿ ಮುದಿಮರಗಳು ಗಂಭೀರವಾಗಿ ನಿಂತಿದ್ದವು, ಆದರೆ ಅವುಗಳ ಬುಡದಲ್ಲಿ ಅದೇ ಜಾತಿಯ ಸಸಿಗಳು ತೀರ ಕಡಿಮೆ. ಕಾರಣ ಕೊಡಲಿಯಲ್ಲ, ದನ, ಕುರಿ, ಆಡುಗಳು. ಮರ ಕಡಿದವನನ್ನು ಪಾದ್ರಿ ಬಹಿಷ್ಕರಿಸಬಹುದು, ಸಸಿ ತಿಂದ ಆಡನ್ನು ಏನು ಮಾಡುವುದು? ಸುತ್ತ ಮೇವಿಲ್ಲದಾದಾಗ ಜಾನುವಾರುಗಳು ನೆರಳನ್ನೂ ಚಿಗುರನ್ನೂ ಹುಡುಕಿ ಒಳಗೆ ಬಂದವು. ಅವನ್ನು ಯಾರೂ ಪಾಪಿಗಳೆಂದು ಎಣಿಸಲಿಲ್ಲ. ಸಂಶೋಧಕರು ಕಾಡಿನೊಳಗೆ ಕೆಲವು ಕಡೆ ಬೇಲಿ ಹಾಕಿ ನೋಡಿದರು. ಬೇಲಿಯ ಒಳಗೆ ಸಸಿಗಳು ಹೆಚ್ಚು ಸಂಖ್ಯೆಯಲ್ಲಿ ಬದುಕಿದವು, ಹೊರಗೆ ಬದುಕಿದ್ದು ಕಡಿಮೆ.

ಮಣ್ಣಿನ ಪರೀಕ್ಷೆ ಇನ್ನೊಂದು ಸತ್ಯವನ್ನು ಹೇಳಿತು. ಈ ಕಾಡಿನ ಬಹುತೇಕ ಮರಗಳ ಬೀಜಗಳು ಮಣ್ಣಿನಲ್ಲಿ ಬಹುಕಾಲ ಜೀವಂತವಾಗಿ ಉಳಿಯುವುದಿಲ್ಲ. ಕಾಡು ಒಮ್ಮೆ ಹೋದರೆ, ನಾಳೆ ಆ ನೆಲವನ್ನು ಸುಮ್ಮನೆ ಬಿಟ್ಟರೂ ಅದೇ ಕಾಡು ಮತ್ತೆ ಮೇಲೇಳುವ ಖಾತ್ರಿಯಿಲ್ಲ. ಬೀಜ ಬರಬೇಕಾದರೆ ತಾಯಿಮರ ನಿಂತಿರಬೇಕು. ಆ ತಾಯಿಮರಗಳು ನಿಂತಿರುವುದು ಇಗರ್ಜಿಯ ಆವರಣದಲ್ಲಿ. ಆದ್ದರಿಂದ ಎರಡು ಹೆಕ್ಟೇರ್ ಕಾಡಿನ ಪ್ರಶ್ನೆ ಆ ಎರಡು ಹೆಕ್ಟೇರಿಗೆ ಮುಗಿಯುವುದಿಲ್ಲ. ಮುಂದೊಂದು ದಿನ ಬೋಳುಗುಡ್ಡಗಳಲ್ಲಿ ನಾಡಿನ ಮರಗಳನ್ನು ಮತ್ತೆ ಬೆಳೆಸಬೇಕೆಂದರೆ ಬೀಜದ ಕಣಜ ಇದೇ.

ಹೊಲದ ಕಲ್ಲು, ಇಗರ್ಜಿಯ ಗೋಡೆ

ಅಲೆಮಾಯೆಹು ಅವರ ಜೊತೆಗೆ ಅಮೆರಿಕದ ವಿಜ್ಞಾನಿ ಮಾರ್ಗರೇಟ್ ಲೋಮನ್ ಸೇರಿಕೊಂಡರು. ಮರಗಳ ನೆತ್ತಿಯ ಜೀವಲೋಕವನ್ನು ಅಭ್ಯಾಸ ಮಾಡುವವರಲ್ಲಿ ಅವರು ಮೊದಲಿಗರು. ಇಬ್ಬರೂ ಸೇರಿ ಪಾದ್ರಿಗಳನ್ನು ಒಂದೆಡೆ ಕೂರಿಸಿ ಆಕಾಶದಿಂದ ತೆಗೆದ ಚಿತ್ರಗಳನ್ನು ತೋರಿಸಿದರು. ತಮ್ಮ ಇಗರ್ಜಿಯ ಕಾಡನ್ನು ಜೀವಮಾನವಿಡೀ ಒಳಗಿನಿಂದ ಕಂಡ ಜನ ಅದನ್ನು ಮೇಲಿನಿಂದ ಕಂಡದ್ದು ಆಗಲೇ. ಒಳಗೆ ನಿಂತವನಿಗೆ ಅದು ದಟ್ಟ ಕಾಡು. ಮೇಲಿನಿಂದ ನೋಡಿದರೆ ಬೋಳು ಬಯಲಿನ ನಡುವೆ ಒಂದು ಚುಕ್ಕೆ, ಅಂಚು ಸವೆಯುತ್ತಿರುವ ಚುಕ್ಕೆ. ಪಾದ್ರಿಗಳಿಗೆ ಪರಿಸರ ಶಾಸ್ತ್ರದ ಉಪನ್ಯಾಸ ಬೇಕಾಗಲಿಲ್ಲ. ತಮ್ಮ ವಶಕ್ಕೆ ಬಂದ ಸೊತ್ತು ತಮ್ಮ ಕಾಲದಲ್ಲೇ ಕರಗುತ್ತಿದೆ ಎಂಬುದು ಅವರಿಗೆ ಚಿತ್ರದಿಂದಲೇ ಅರ್ಥವಾಯಿತು.

ಪರಿಹಾರವೂ ಅವರಿಗೆ ಪರಿಚಿತವಾದದ್ದೇ. ಕೆಲವು ಇಗರ್ಜಿಗಳಿಗೆ ಹಿಂದಿನಿಂದಲೂ ಕಲ್ಲಿನ ಗೋಡೆಯಿತ್ತು. ಇಲ್ಲದ ಕಡೆ ಹೊಸದಾಗಿ ಕಟ್ಟಬೇಕು, ಇದ್ದ ಕಡೆ ಕಾಡಿನ ಹೊರ ಅಂಚಿಗೆ ವಿಸ್ತರಿಸಬೇಕು. ಸಿಮೆಂಟಿಲ್ಲ, ಗಾರೆಯಿಲ್ಲ. ಸುತ್ತಲಿನ ಹೊಲಗಳಲ್ಲಿ ಕಲ್ಲಿಗೇನೂ ಕೊರತೆಯಿಲ್ಲ. ಊರವರು ಹೊಲದ ಕಲ್ಲುಗಳನ್ನು ಆರಿಸಿ ಹೊತ್ತು ತಂದು ಒಂದರ ಮೇಲೊಂದು ಇಟ್ಟರು. ಉಳುವವನಿಗೆ ಹೊಲ ಹಸನಾಯಿತು, ಇಗರ್ಜಿಗೆ ಗೋಡೆಯಾಯಿತು, ಸಸಿಗೆ ಆಡಿನ ಬಾಯಿಂದ ಬಿಡುಗಡೆ ಸಿಕ್ಕಿತು. ಖರ್ಚಿಗೆ ಹೊರಗಿನವರು ಒಂದಿಷ್ಟು ಹಣ ಒದಗಿಸಿದರೂ ಕಲ್ಲು ಹೊತ್ತವರು, ಗೇಟಿನ ಕೀಲಿ ಇಟ್ಟುಕೊಂಡವರು ಊರಿನ ಭಕ್ತರೇ. ಗೋಡೆಯಿರುವ ಕಾಡುಗಳನ್ನೂ ಇಲ್ಲದವನ್ನೂ ಹೋಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಗೋಡೆಯಿಂದ ಕಾಡಿಗೆ ಒಳಿತಾಗಿದೆ ಎಂದೇ ಹೇಳಿತು.

ಆ ಗೋಡೆ ಮನುಷ್ಯರನ್ನು ಹೊರಗಿಡುವುದಿಲ್ಲ ಎಂಬುದನ್ನೂ ಹೇಳಬೇಕು. ಹಲವು ದೇಶಗಳಲ್ಲಿ ಕಾಡು ಉಳಿಸುವುದೆಂದರೆ ಕಾಡಿನ ಜನರನ್ನು ಒಕ್ಕಲೆಬ್ಬಿಸುವುದು ಎಂದೇ ಆಗಿದೆ. ಇಲ್ಲಿ ಹಾಗಲ್ಲ. ಗೇಟಿನಿಂದ ಭಕ್ತರು ಬರುತ್ತಾರೆ, ಶವ ಬರುತ್ತದೆ, ಮದುವೆ ದಿಬ್ಬಣ ಬರುತ್ತದೆ. ಆಡು ಬರುವುದಿಲ್ಲ ಅಷ್ಟೇ.

ಗೋಡೆಯ ಒಳಗಿನಿಂದ ಬರುವ ಅಪಾಯ

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಕ್ಯಾಥರಿನ್ ಕಾರ್ಡೆಲಸ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಅವರ ಸಂಗಾತಿಗಳು ಈ ಕಾಡುಗಳನ್ನು ಹಲವು ವರ್ಷ ಅಭ್ಯಾಸ ಮಾಡಿ ಒಂದು ಮುಖ್ಯವಾದ ಮಾತು ಹೇಳಿದ್ದಾರೆ. ಇಲ್ಲಿ ನಡೆದದ್ದು ನೆರಳಿನಂತೆ ಹಿಂಬಾಲಿಸಿದ ಸಂರಕ್ಷಣೆ. ಜನರು ಕಾಪಾಡಲು ಹೊರಟದ್ದು ಇಗರ್ಜಿಯನ್ನು, ಅದರ ಬೆನ್ನಿಗೆ ಕಾಡು ತಾನಾಗಿ ಉಳಿಯಿತು.

ಇದರ ಅರ್ಥ ಸ್ಪಷ್ಟ. ಇಗರ್ಜಿಗೆ ಒಳ್ಳೆಯದು ಯಾವುದು ಎಂಬ ಕಲ್ಪನೆ ಬದಲಾದರೆ ಕಾಡಿನ ಗತಿಯೂ ಬದಲಾಗುತ್ತದೆ. 1991ರಲ್ಲಿ ದೆರ್ಗ್ ಆಡಳಿತ ಬಿದ್ದ ಬಳಿಕ ಭಕ್ತರಿಗೆ ತಮ್ಮ ಶ್ರದ್ಧೆಯನ್ನು ತೋರಿಸಲು ಅಡ್ಡಿಯಿರಲಿಲ್ಲ. ಊರು ಬೆಳೆಯಿತು, ಪೇಟೆಗೆ ಹೋದವರು ಹಣ ಕಳುಹಿಸಿದರು. ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಹಳೆಯ ಇಗರ್ಜಿ ಚಿಕ್ಕದೆನಿಸಿತು, ಬಡವಾಗಿ ಕಂಡಿತು. ತಗಡಿನ ಮಾಡು, ಕಾಂಕ್ರೀಟಿನ ದೊಡ್ಡ ಕಟ್ಟಡ, ಸಭಾಂಗಣ, ಅತಿಥಿಗಳಿಗೆ ಕೋಣೆ ಬೇಕೆನಿಸಿತು. ಗೋರಿಗಳು ಮಣ್ಣಿನ ದಿಬ್ಬದಿಂದ ಸಿಮೆಂಟಿನ ಕಟ್ಟೆಗಳಾದವು. ಪ್ರತಿಯೊಂದಕ್ಕೂ ಒಂದೊಂದು ಮರ ಜಾಗ ಬಿಡಬೇಕಾಯಿತು. ಕಡಿದವರು ಕಳ್ಳರಲ್ಲ, ಭಕ್ತರೇ. ದುರಾಸೆಯಿಂದಲ್ಲ, ಭಕ್ತಿಯಿಂದಲೇ ಕಡಿದರು. ಕಾಡನ್ನು ಸಾವಿರ ವರ್ಷ ಉಳಿಸಿದ ಶ್ರದ್ಧೆಯೇ ಕಾಂಕ್ರೀಟಿನ ಕಡೆ ತಿರುಗಿದಾಗ ಅದನ್ನು ತಡೆಯುವುದಾದರೂ ಹೇಗೆ?

ಇದರ ಮೇಲೆ ಯುದ್ಧದ ಬರೆ. 2020ರ ನವೆಂಬರ್‌ನಿಂದ 2022ರ ನವೆಂಬರ್‌ವರೆಗೆ ಟಿಗ್ರಾಯ್ ಪ್ರಾಂತ್ಯ ಘೋರ ಯುದ್ಧದಲ್ಲಿ ಬೆಂದಿತು. ಇಗರ್ಜಿಗಳಿಗೂ ಹಾನಿಯಾಯಿತು, ನಜ್ಜಾಶಿಯ ಹೆಸರಿನಲ್ಲಿ ನೆಗಾಶ್ ಊರಿನಲ್ಲಿರುವ ಚಾರಿತ್ರಿಕ ಮಸೀದಿಯೂ ಶೆಲ್ ದಾಳಿಗೆ ತುತ್ತಾಯಿತು. ದಕ್ಷಿಣ ಗೊಂಡರ್ ಇರುವ ಅಮ್ಹಾರಾ ಪ್ರಾಂತ್ಯದಲ್ಲಿ 2023ರಲ್ಲಿ ಸಂಘರ್ಷ ಭುಗಿಲೆದ್ದು ಆಗಸ್ಟ್‌ನಲ್ಲಿ ತುರ್ತುಸ್ಥಿತಿ ಘೋಷಣೆಯಾಯಿತು. ಮನುಷ್ಯನ ಪ್ರಾಣಕ್ಕೇ ಬೆಲೆಯಿಲ್ಲದ ಕಡೆ ಸಸಿಯ ಲೆಕ್ಕ ಇಡುವವರು ಯಾರು?

ಆದರೂ ಇದನ್ನು ನಿರಾಶೆಯ ಕಥೆಯೆಂದು ನಾವು ತಿಳಿಯುವುದಿಲ್ಲ. ಈ ಇತಿಹಾಸದಿಂದ ಎರಡು ವಿಷಯ ಸ್ಪಷ್ಟವಾಗುತ್ತದೆ. ಒಂದು, ಧಾರ್ಮಿಕ ಸಮುದಾಯವೊಂದು ನಿಸರ್ಗವನ್ನು ಕಾಯಲು ಹೊಸ ಸಿದ್ಧಾಂತವನ್ನೋ ವರ್ಷಕ್ಕೊಂದು ದಿನಾಚರಣೆಯನ್ನೋ ಕಾಯಬೇಕಾಗಿಲ್ಲ. ಹೆಣ ಹೂಳುವ, ಮಕ್ಕಳಿಗೆ ಕಲಿಸುವ, ಜೊತೆಗೂಡಿ ಉಣ್ಣುವ ಕೆಲಸಗಳೊಂದಿಗೆ ಮರ ಹೊಂದಿಕೊಂಡರೆ ರಾಜ್ಯಗಳು ಬಿದ್ದರೂ ಮರ ನಿಲ್ಲುತ್ತದೆ. ಎರಡು, ಶ್ರದ್ಧೆಯೊಂದೇ ಸಾಲದು. ಪವಿತ್ರವಾದದ್ದಕ್ಕೆ ಹಾನಿಯಾಗದು ಎಂಬ ನಂಬಿಕೆಯಲ್ಲಿ ನಾವು ಅದನ್ನು ನೋಡುವುದನ್ನೇ ಬಿಟ್ಟುಬಿಡುತ್ತೇವೆ. ಹಬಶಾದ ಪಾದ್ರಿಗಳು ಒಮ್ಮೆ ಮೇಲಿನಿಂದ ನೋಡಿದರು. ನೋಡಿದ ಮೇಲೆ ಕಲ್ಲು ಹೊತ್ತರು.

ನಮ್ಮ ಊರುಗಳಲ್ಲಿ ಮಸೀದಿಗಳಿವೆ, ಇಗರ್ಜಿಗಳಿವೆ, ದೇವಸ್ಥಾನಗಳಿವೆ. ಅವುಗಳಿಗೆ ಆಡಳಿತ ಸಮಿತಿಗಳಿವೆ, ನಿಧಿಯಿದೆ, ಆವರಣವಿದೆ. ಖಬರಸ್ಥಾನಗಳಲ್ಲಿ ಅಜ್ಜಂದಿರ ಕಾಲದ ಮರಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಅಂಗಳಕ್ಕೆ ಇಂಟರ್‌ಲಾಕ್ ಹಾಸುವ, ಕಟ್ಟಡಕ್ಕೆ ಇನ್ನೊಂದು ಅಂತಸ್ತು ಏರಿಸುವ ಠರಾವು ಯಾವ ಸಮಿತಿಯಲ್ಲೂ ಸುಲಭವಾಗಿ ಪಾಸಾಗುತ್ತದೆ. ಅಂಥ ಠರಾವಿಗೆ ಕೈ ಎತ್ತುವ ಮುನ್ನ ನಾವು ಒಮ್ಮೆ ಹೊರಗೆ ಹೋಗಿ ನೋಡಿಬರುವುದು ಒಳ್ಳೆಯದು. ದೊಡ್ಡ ಮರಗಳನ್ನು ಎಣಿಸುವುದು ಸುಲಭ, ಅವು ದೂರದಿಂದಲೇ ಕಾಣುತ್ತವೆ. ಅವುಗಳ ಬುಡದಲ್ಲಿ ಸಸಿಗಳಿವೆಯೇ ಎಂದು ತಿಳಿಯಬೇಕಾದರೆ ಬಾಗಿ ನೋಡಬೇಕಾಗುತ್ತದೆ.